ಮಧ್ಯಸ್ಥಿಕೆ ತರಬೇತಿ: ರೋಲ್ ಪ್ಲೇ ಹತ್ತೇ ನಿಮಿಷಕ್ಕೆ ಮುಗಿಯುತ್ತಿದೆ, ಏನು ತಪ್ಪು?

ಪ್ರಶ್ನೆ

2 ದಿನದ ತರಬೇತಿ, 20 ಜನ. 60 ಸ್ಲೈಡು ಮತ್ತು ಒಂದು ರೋಲ್ ಪ್ಲೇ ಸಿದ್ಧವಾಗಿದೆ. ಕಥೆ ಇಷ್ಟು: ಒಂದೇ ಕಚೇರಿಯ ಎರಡು ವಿಭಾಗಗಳಿಗೆ ಬುಧವಾರ 10ರಿಂದ 12ರವರೆಗೆ ಒಂದೇ ಸಭಾಕೊಠಡಿ ಬೇಕು. ಆಡಿಸಿ ನೋಡಿದರೆ ‘ವಾರ ಬಿಟ್ಟು ವಾರ ತಗೊಳ್ಳಿ’ ಎಂದು ಬೇಗನೆ ರಾಜಿಯಾಗಿಬಿಡುತ್ತದೆ. ಹೇಗೆ ಸರಿಪಡಿಸಲಿ?

ಉತ್ತರ 1

ಪಾತ್ರಧಾರಿಗಳಿಗೆ ನೀವು ಕೊಡುವ ಹಾಳೆಯಲ್ಲಿ ಎರಡೂ ಕಡೆಯವರ ಪಟ್ಟು ಮಾತ್ರ ಇದೆ, ಅದರ ಹಿಂದಿನ ಅಗತ್ಯ ಇಲ್ಲ. ಹುಡುಕಲು ಏನೂ ಇಲ್ಲದಿದ್ದರೆ ಮಧ್ಯಸ್ಥರು ಪಾಲು ಹಂಚುವುದೊಂದೇ ದಾರಿ. ಮೂರು ಹಾಳೆ ಮಾಡಿ: ಎಲ್ಲರಿಗೂ ಒಂದು, ಪ್ರತಿ ಕಡೆಗೂ ಒಂದೊಂದು ಗುಟ್ಟಿನದು. ಬೇರೆ ಬೇರೆ ಬಣ್ಣದ ಕಾಗದವಾದರೆ ಅದಲುಬದಲಾಗುವುದಿಲ್ಲ. ಒಬ್ಬರಿಗೆ ಬೇಕಿರುವುದು ಕೊಠಡಿಯ ಪ್ರೊಜೆಕ್ಟರ್, ಇನ್ನೊಬ್ಬರಿಗೆ ಹೊರಗೆ ಮಾತು ಕೇಳಿಸದ ಜಾಗ ಎಂದಿರಲಿ. ಹಾಗೆಯೇ ಗುಟ್ಟಿನ ಹಾಳೆಯಲ್ಲಿ ಯಾವುದನ್ನು ಯಾವಾಗ ಬಾಯಿಬಿಡಬೇಕೆಂದೂ ಬರೆಯಿರಿ: ‘ಇದನ್ನು “ಯಾಕೆ ಬೇಕು” ಎಂದು ಕೇಳಿದರೆ ಹೇಳಿ’, ‘ಇದನ್ನು ಮಧ್ಯಸ್ಥರ ಜೊತೆ ನೀವೊಬ್ಬರೇ ಇರುವಾಗ ಮಾತ್ರ ಹೇಳಿ’. ಈ ಸೂಚನೆ ಇಲ್ಲದಿದ್ದರೆ ಪಾತ್ರಧಾರಿ ಮೊದಲ ಮಾತಿನಲ್ಲೇ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ, ಇಲ್ಲವೇ ಕೊನೆಯವರೆಗೂ ಬಾಯಿ ಬಿಗಿದು ಕೂರುತ್ತಾರೆ. ಹಾಳೆ ಒಂದು ಪುಟ ಮೀರಬಾರದು. ಮೀರಿದರೆ ಪಾತ್ರ ಬಿಟ್ಟು ಕಾಗದ ನೋಡಿಕೊಂಡೇ ಮಾತಾಡುತ್ತಾರೆ.

ಉತ್ತರ 2

ಒಂದೇ ಪ್ರಕರಣ ಸಾಲದು. ಗುಟ್ಟಿನ ಹಾಳೆ ಓದಿದವರು ಮುಂದಿನ ಸುತ್ತಿನಲ್ಲಿ ಅದಕ್ಕೇ ಮಧ್ಯಸ್ಥರಾಗಿ ಕೂತರೆ ಏನು ಕಲಿತಾರು? 4 ಜನರ 5 ಗುಂಪು ಮಾಡಿ: ಒಬ್ಬರು ಮಧ್ಯಸ್ಥರು, ಇಬ್ಬರು ಕಕ್ಷಿಗಳು, ಒಬ್ಬರು ಗಮನಿಸುವವರು. ಎಲ್ಲರಿಗೂ ಮಧ್ಯಸ್ಥರಾಗುವ ಸರದಿ ಬರಬೇಕಾದರೆ 4 ಸುತ್ತು, 4 ಪ್ರಕರಣ. ಸುತ್ತಿಗೆ ಓದಲು 10 ನಿಮಿಷ, ಆಟ 40, ಆಮೇಲಿನ ಚರ್ಚೆ 25. ಒಟ್ಟು 5 ಗಂಟೆ. ಅದಕ್ಕೆ ಜಾಗವಾಗಬೇಕೆಂದರೆ ಸ್ಲೈಡು 15ಕ್ಕೆ ಇಳಿಯಲೇಬೇಕು.

ಆಟ ಎಳೆಯಿತೆಂದು ಚರ್ಚೆಯ ಸಮಯ ಕತ್ತರಿಸಬೇಡಿ, ಕಲಿಕೆ ಆಗುವುದೇ ಅಲ್ಲಿ. ಗಮನಿಸುವವರಿಗೆ ನಮೂನೆ ಕೊಡದಿದ್ದರೆ ‘ಚೆನ್ನಾಗಿತ್ತು’ ಎಂದು ಮುಗಿಸುತ್ತಾರೆ. ಮಧ್ಯಸ್ಥರು ಕೇಳಿದ ಪ್ರಶ್ನೆಗಳನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಲಿ. ಹೌದು–ಇಲ್ಲ ಉತ್ತರದವು ಎಷ್ಟು, ಮೊದಲ ಸಲಹೆ ಯಾರ ಬಾಯಿಂದ ಎಷ್ಟನೇ ನಿಮಿಷಕ್ಕೆ ಬಂತು ಎಂಬುದನ್ನೂ ಗುರುತಿಸಲಿ. ಚರ್ಚೆಯಲ್ಲಿ ಮೊದಲು ಮಧ್ಯಸ್ಥರು, ಆಮೇಲೆ ಕಕ್ಷಿಗಳು, ಕೊನೆಗೆ ಗಮನಿಸಿದವರು ಮಾತಾಡಲಿ. ಶುರುವಿಗೇ ಟೀಕೆ ಬಂದರೆ ಮಧ್ಯಸ್ಥರಾಗಿದ್ದವರು ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲೇ ಮುಳುಗುತ್ತಾರೆ.

ಪ್ರಶ್ನೆ ಕೇಳಿದವರು

ಪ್ರತ್ಯೇಕ ಮಾತುಕತೆಯನ್ನು, ಅಂದರೆ ಮಧ್ಯಸ್ಥರು ಒಂದೊಂದು ಕಡೆಯವರ ಜೊತೆ ಬೇರೆ ಬೇರೆಯಾಗಿ ಮಾತಾಡುವುದನ್ನು, ಎಲ್ಲಿ ಸೇರಿಸಲಿ?

ಉತ್ತರ 1

ಮೊದಲ ಪ್ರಕರಣದಲ್ಲಿ ಬೇಡ, ಅದಿದ್ದರೆ ಮುಖಾಮುಖಿ ಬಿಸಿಯಾದ ತಕ್ಷಣ ಎಲ್ಲರೂ ಅತ್ತ ಓಡುತ್ತಾರೆ. ಮೂರನೆಯದರಿಂದ ಸೇರಿಸಿ. ಮಧ್ಯಸ್ಥರು ಎರಡೂ ಕಡೆಗೆ ಸುಮಾರು ಒಂದೇ ಸಮನಾದ ಹೊತ್ತು ಕೊಡಬೇಕು, ಹೊರಡುವ ಮುನ್ನ ‘ಇದರಲ್ಲಿ ಏನನ್ನು ಆ ಕಡೆಗೆ ಹೇಳಬಹುದು?’ ಎಂದು ಕೇಳಬೇಕು. ಈ ಪ್ರಶ್ನೆ ಮರೆತು ಗುಟ್ಟು ಸೋರಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ನಮೂನೆಯಲ್ಲಿ ಇದಕ್ಕೊಂದು ಸಾಲು ಇಡಿ.

ಕೊನೆಯ ಸುತ್ತಿನಲ್ಲಿ ಒಪ್ಪಂದವನ್ನು ಬರೆಸಿ: ಯಾರು, ಏನು, ಯಾವ ದಿನದೊಳಗೆ, ತಪ್ಪಿದರೆ ಏನು. ‘ಪರಸ್ಪರ ಸಹಕರಿಸುತ್ತೇವೆ’ ಎಂದಷ್ಟೇ ಬರೆದಿದ್ದರೆ ಹಾಳೆ ವಾಪಸ್ ಕೊಡಿ.