ಅಮ್ಮನ ಕೈಚೀಲದಲ್ಲಿ ಜೋನಿಬೆಲ್ಲ: ಸೆಕ್ಯೂರಿಟಿಯಲ್ಲಿ ಬಿಡ್ತಾರಾ?

ಸಾಗರದ ಕಡೆಯವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಮುಂದಿನ ತಿಂಗಳು ತಂಗಿಯ ಬಾಣಂತನಕ್ಕೆ ಮ್ಯೂನಿಕ್‌ಗೆ ಹೊರಟಿದ್ದಾರೆ. ಬೆಂಗಳೂರಿನಿಂದ ದುಬೈ, ಅಲ್ಲಿ ವಿಮಾನ ಬದಲಿಸಿ ಮ್ಯೂನಿಕ್. ವಯಸ್ಸು 61. ವಿಮಾನ ಹತ್ತುವುದು ಇದೇ ಮೊದಲು, ಜೊತೆಗೆ ಯಾರೂ ಇಲ್ಲ. ವೀಲ್‌ಚೇರ್ ಹೇಳಿದ್ದೇನೆ, ಹಾಗಾಗಿ ದುಬೈಯಲ್ಲಿ ದಾರಿ ತಪ್ಪುವ ಭಯ ಇಲ್ಲ. ಭಯ ಇರುವುದು ಅವರ ಕೈಚೀಲದ ಬಗ್ಗೆ.

ಅಮ್ಮನ ಲೆಕ್ಕ ಸರಳ. ಒಡೆಯುವಂಥದ್ದು, ಸೋರುವಂಥದ್ದು ಎಲ್ಲ ತಮ್ಮ ಕಣ್ಣೆದುರಿಗೇ ಇರಬೇಕು. ಸಾಗರದಿಂದ ರಾತ್ರಿ ಬಸ್ಸಿಗೆ ಬರುವಾಗಲೂ ಹಾಗೇ. ಬಟ್ಟೆ ಬ್ಯಾಗು ಡಿಕ್ಕಿಗೆ, ಉಪ್ಪಿನಕಾಯಿ ಬಾಟಲಿ ತೊಡೆ ಮೇಲೆ. ಈ ಸಲ ಕೈಚೀಲಕ್ಕೆ ಅಂತ ಎತ್ತಿಟ್ಟಿರುವುದು: ಒಂದು ಲೀಟರ್ ಜೋನಿಬೆಲ್ಲ, ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಅರ್ಧ ಕೆಜಿ ತುಪ್ಪ, ಮಗುವಿಗೆ ಹಚ್ಚಲು ಗಾಣದ ಕೊಬ್ಬರಿ ಎಣ್ಣೆ, ಬಾಣಂತಿ ಲೇಹ್ಯ, ಒಂದು ಬಾಟಲಿ ಜೇನು, ಎರಡು ಗಿಟುಕು ಕೊಬ್ಬರಿ. ಇದರ ಜೊತೆ ಅವರ ಇನ್ಸುಲಿನ್ ಪೆನ್ನು.

100 ಎಂಎಲ್ ನಿಯಮ ನನಗೆ ಗೊತ್ತು, ಅನುಭವಿಸಿಯೇ ಗೊತ್ತು. ಮೂರು ವರ್ಷದ ಹಿಂದೆ ಸಿಂಗಾಪುರಕ್ಕೆ ಹೋಗುವಾಗ ದೊಡ್ಡ ಬಾಟಲಿಯ ತಳದಲ್ಲಿ ನಾಲ್ಕೇ ನಾಲ್ಕು ಮಿಡಿ ಇಟ್ಟುಕೊಂಡಿದ್ದೆ. "ಒಳಗೆ ಎಷ್ಟಿದೆ ಅಂತಲ್ಲ ಸರ್, ಬಾಟಲಿ ಎಷ್ಟರದ್ದು ಅಂತ ನೋಡೋದು" ಎಂದರು. ನಾಲ್ಕೂ ಮಿಡಿ ಕಸದ ಡಬ್ಬಿಗೆ ಹೋದವು. ಆದರೆ ಅಮ್ಮನಿಗೆ ಹೇಳಿದರೆ "ಅವರಿಗೆ ನೀನು ಸರಿಯಾಗಿ ಹೇಳಿರಲ್ಲ" ಅಂತಾರೆ.

ಇದರಲ್ಲಿ ಯಾವುದು ಕೈಯಲ್ಲಿ, ಯಾವುದು ದೊಡ್ಡ ಸೂಟ್‌ಕೇಸಿನಲ್ಲಿ, ಯಾವುದು ಮನೆಯಲ್ಲೇ? ಹೋಗಿ ಬಂದವರು ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಹುಬ್ಬಳ್ಳಿ ಫ್ಲೈಟ್ ಗಿರಾಕಿ:

ಇಷ್ಟೊಂದು ಟೆನ್ಶನ್ ಯಾಕೆ? ನಾನು ತಿಂಗಳಿಗೆರಡು ಸಲ ಬೆಂಗಳೂರು–ಹುಬ್ಬಳ್ಳಿ ಓಡಾಡುತ್ತೇನೆ. ನೀರಿನ ಬಾಟಲಿ, ಮೊಸರನ್ನದ ಡಬ್ಬಿ ಎಲ್ಲ ಕೈಯಲ್ಲೇ ಇರುತ್ತದೆ. ಇವತ್ತಿನ ತನಕ ಯಾರೂ ಏನೂ ಅಂದಿಲ್ಲ.

ಮ್ಯೂನಿಕ್ ಅಕ್ಕ:

ಮೇಲಿನವರು ಹೇಳಿದ್ದು ದೇಶದೊಳಗಿನ ವಿಮಾನದ ಮಾತು. ಅದನ್ನು ನಂಬಿ ಅಮ್ಮನನ್ನು ಕಳಿಸಬೇಡಿ. ಹೊರದೇಶಕ್ಕೆ ಹೋಗುವವರಿಗೆ ಬೇರೆ ಲೆಕ್ಕ. ನಾನು ಹತ್ತು ವರ್ಷದಿಂದ ಇಲ್ಲಿದ್ದೇನೆ. ನನ್ನ ಎರಡು ಬಾಣಂತನಕ್ಕೂ ಅಮ್ಮ ಬಂದಿದ್ದರು, ಹಾಗಾಗಿ ನಿಮ್ಮ ಪಟ್ಟಿ ಓದಿ ನಗು ಬಂತು. ನಮ್ಮಮ್ಮನದೂ ಹೆಚ್ಚುಕಡಿಮೆ ಇದೇ ಪಟ್ಟಿ, ಅಪ್ಪೆಮಿಡಿ ಬದಲು ಹೇರಳೆಕಾಯಿ.

ಮೊದಲು ಕೈಚೀಲ. ಒಂದೊಂದು ಬಾಟಲಿಯೂ 100 ಎಂಎಲ್ ಒಳಗಿನದ್ದಾಗಬೇಕು. ಅವೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಕವರಿನಲ್ಲಿ ಹಿಡಿಯಬೇಕು. ಒಬ್ಬರಿಗೆ ಒಂದೇ ಕವರು. ದ್ರವ ಅಂದರೆ ಬರೀ ನೀರು, ಎಣ್ಣೆ ಅಲ್ಲ. ನಾನು ಅಮ್ಮನಿಗೆ ಹೇಳಿಕೊಟ್ಟಿದ್ದು ಹೀಗೆ: ಡಬ್ಬಿ ಬಗ್ಗಿಸಿದರೆ ಹರಿಯುತ್ತದಾ? ಚಮಚದಲ್ಲಿ ತೆಗೆದು ರೊಟ್ಟಿಗೆ ಸವರಬಹುದಾ? ಹಾಗಿದ್ದರೆ ಅದು ದ್ರವ. ಲೇಹ್ಯ, ಗೊಜ್ಜು, ಜೋನಿಬೆಲ್ಲ, ಟೂತ್‌ಪೇಸ್ಟ್, ಗುಲಾಬ್ ಜಾಮೂನಿನ ಪಾಕ ಎಲ್ಲ ಆ ಲೆಕ್ಕಕ್ಕೇ. ಚಟ್ನಿಪುಡಿ, ಉಂಡೆಬೆಲ್ಲ ಅಲ್ಲ. ಇದನ್ನು ಹೇಳಿದ ಮೇಲೆ ನಮ್ಮಮ್ಮ ಪುಳಿಯೋಗರೆ ಗೊಜ್ಜು ಬಿಟ್ಟು ಪುಡಿ ಮಾಡಿಕೊಂಡು ಬಂದರು!

ಇನ್ಸುಲಿನ್ ಮಾತ್ರ ಕೈಯಲ್ಲೇ ಇರಬೇಕು. ದೊಡ್ಡ ಸೂಟ್‌ಕೇಸಿಗೆ ಹಾಕಲೇಬೇಡಿ. ಕೆಳಗಡೆ ಥಂಡಿ ಜಾಸ್ತಿಯಾಗಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ, ಸೂಟ್‌ಕೇಸು ತಡವಾಗಿ ಬಂದರೂ ಕಷ್ಟ. ಪ್ರಯಾಣದಲ್ಲಿ ಬೇಕಾಗುವ ಔಷಧಿಗೆ 100 ಎಂಎಲ್ ಕಟ್ಟಿಲ್ಲ, ಆದರೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಲಿ. ಕೇಳುವ ಮೊದಲೇ ತೆಗೆದು ಟ್ರೇಯಲ್ಲಿ ಇಟ್ಟುಬಿಡಲಿ.

ಈಗ ಕಹಿ ಸುದ್ದಿ. ತುಪ್ಪ ಕೈಚೀಲದಲ್ಲೂ ಬೇಡ, ಸೂಟ್‌ಕೇಸಿನಲ್ಲೂ ಬೇಡ. ಅದಕ್ಕೆ ಸೆಕ್ಯೂರಿಟಿ ಕಾರಣ ಅಲ್ಲ, ಇಲ್ಲಿನ ಕಸ್ಟಮ್ಸ್. ಯುರೋಪಿಯನ್ ಯೂನಿಯನ್ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಧಾರವಾಡ ಪೇಡಕ್ಕೂ ಇದೇ ಗತಿ. ತುಪ್ಪ ಸೇರಿಸಿದ ಲೇಹ್ಯದ ತಂಟೆಯೂ ಬೇಡ. ಲೇಹ್ಯದ ಒಣ ಸಾಮಾನು ಪುಡಿ ಮಾಡಿ ತರಲಿ, ತುಪ್ಪ ಇಲ್ಲೇ ಹಾಕಿ ಕಾಸಿದರಾಯ್ತು. ಇಲ್ಲಿ ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಬುಟರ್‌ಶ್ಮಾಲ್ಟ್ಸ್ ಅಂತ ಸಿಗುತ್ತದೆ, ಬೆಣ್ಣೆ ಕಾಸಿದ ತುಪ್ಪವೇ. ಅಮ್ಮ ಮೂಗು ಮುರಿಯುತ್ತಾರೆ. ನಮ್ಮಮ್ಮನೂ ಮುರಿದರು. ಎರಡನೇ ವಾರಕ್ಕೆ ಅದರಲ್ಲೇ ಒಗ್ಗರಣೆ ಹಾಕುತ್ತಿದ್ದರು.

ಜೇನು 2 ಕೆಜಿ ತನಕ ತರಬಹುದು. ಜೋನಿಬೆಲ್ಲ, ಉಪ್ಪಿನಕಾಯಿ ಸೂಟ್‌ಕೇಸಿಗೆ ಹಾಕಿ. ಕೊಬ್ಬರಿ ಎಣ್ಣೆ ಒಂದು ಚಿಕ್ಕ ಬಾಟಲಿ ಕೈಯಲ್ಲಿರಲಿ, ಉಳಿದದ್ದು ಇಲ್ಲಿ ಕೊಳ್ಳಬಹುದು. ಹಸಿ ಕರಿಬೇವು ಸೊಪ್ಪು ಬಟ್ಟೆ ಮಧ್ಯೆ ಬಚ್ಚಿಡಲು ನೋಡುತ್ತಾರೆ, ಅದನ್ನು ತರುವ ಹಾಗಿಲ್ಲ. ಅನುಭವದ ಮಾತು, ಹೊರಡುವ ದಿನ ಸೀರೆ ಮಡಿಕೆ ಬಿಚ್ಚಿ ನೋಡಿ.

ಸ್ಕ್ಯಾನರ್ ಸ್ವಾಮಿ:

ಅಕ್ಕ ಒಂದು ಬಿಟ್ಟರು. ಗಿಟುಕು ಕೊಬ್ಬರಿ ಸೂಟ್‌ಕೇಸಿಗೂ ಹಾಕಬೇಡಿ. ನಗಬೇಡಿ, ವಿಮಾನದ ಸರಕಿನ ನಿಯಮದಲ್ಲಿ ಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಗುಂಪಿನಲ್ಲಿದೆ. ಎಣ್ಣೆ ಅಂಶ ಜಾಸ್ತಿ, ಅದಕ್ಕೆ. ಯುಎನ್ 1363 ಅಂತ ಅದಕ್ಕೆ ನಂಬರು ಬೇರೆ.

ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಖಾಲಿ ಬಾಟಲಿ ಒಯ್ಯಬಹುದು, ಸೆಕ್ಯೂರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಬಹುದು. ಆದರೆ ದುಬೈಯಲ್ಲಿ ವಿಮಾನ ಬದಲಿಸುವಾಗ ಮತ್ತೆ ಚೆಕ್ ಇದೆ. ಬೆಂಗಳೂರಲ್ಲಿ ತುಂಬಿಸಿದ ನೀರು ಅಲ್ಲಿ ಚೆಲ್ಲಬೇಕು.

"ಈಗ 2 ಲೀಟರ್ ಬಿಡ್ತಾರಂತೆ" ಅಂತ ಯಾರಾದರೂ ವಾಟ್ಸ್ಯಾಪ್ ಕಳಿಸಿದರೆ ಅದು ಪೂರ್ತಿ ಸುಳ್ಳಲ್ಲ. ಈ ರಗಳೆ ಶುರುವಾಗಿದ್ದು 2006ರ ಆಗಸ್ಟಿನಲ್ಲಿ. ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ದ್ರವ ಒಯ್ದು ವಿಮಾನ ಉಡಾಯಿಸುವ ಸಂಚು ಲಂಡನ್ನಿನಲ್ಲಿ ಸಿಕ್ಕಿಬಿತ್ತು. ಹಳೆಯ ಎಕ್ಸ್-ರೇಗೆ ನೀರು ಯಾವುದು, ಸ್ಫೋಟಕ ಯಾವುದು ಅಂತ ಸರಿಯಾಗಿ ತಿಳಿಯುತ್ತಿರಲಿಲ್ಲ. ಈಗ ಆಸ್ಪತ್ರೆಯ ಸಿಟಿ ಸ್ಕ್ಯಾನ್ ತರಹದ ಯಂತ್ರ ಬಂದಿದೆ, ಬ್ಯಾಗಿನ ಒಳಗನ್ನು ಎಲ್ಲ ಕಡೆಯಿಂದ ತೋರಿಸುತ್ತದೆ. ಎಡಿನ್‌ಬರೋದಲ್ಲಿ 2025ರಿಂದ 2 ಲೀಟರ್ ತನಕ ಬಿಡುತ್ತಾರೆ. ಆದರೆ ಅದು ಆ ಏರ್‌ಪೋರ್ಟಿನ ಮಾತು. ಮೂರು ಏರ್‌ಪೋರ್ಟ್ ದಾಟುವವರು ಮೂರರಲ್ಲಿ ಅತಿ ಬಿಗಿ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳಬೇಕು.

ಉಪ್ಪಿನಕಾಯಿ ಪ್ಯಾಕಿಂಗ್: ಗಾಜು ಬೇಡ, ಪ್ಲಾಸ್ಟಿಕ್ ಬಾಟಲಿ ಇರಲಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪು, ಆಮೇಲೆ ಎರಡು ಜಿಪ್ ಕವರು. ವಿಮಾನ ಮೇಲೇರಿದಾಗ ಒಳಗಿನ ಗಾಳಿ ಹಿಗ್ಗಿ ರಸವನ್ನು ಹೊರಗೆ ತಳ್ಳುತ್ತದೆ. ಮಿಡಿಯ ರಸ ಸ್ವಲ್ಪ ಬಸಿದರೆ ಒಳ್ಳೆಯದು.

ಸಾಗರದ ಕಡೆಯವನು:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ರಸ ಬಸಿಯಿರಿ ಅಂದಿದ್ದಕ್ಕೆ ಸ್ಕ್ಯಾನರ್ ಸ್ವಾಮಿಯವರ ಮೇಲೆ ಬೇಜಾರಾಗಿದ್ದಾರೆ. "ರಸ ಬಸಿದ ಮೇಲೆ ಅದು ಉಪ್ಪಿನಕಾಯಿ ಅಲ್ಲ, ಒಣಗಿದ ಮಿಡಿ" ಅಂತೆ. ತುಪ್ಪದ ವಿಷಯಕ್ಕೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ತೆಗೆದಿಟ್ಟರು.

ಸಾಗರದ ಕಡೆಯವನು (ಐದು ವಾರದ ನಂತರ):

ಅಮ್ಮ ಮುಟ್ಟಿದರು. ತಂಗಿಗೆ ಹೆಣ್ಣು ಮಗು, ಇಬ್ಬರೂ ಆರಾಮ.

ಜಿಪ್ ಕವರು, ಇನ್ಸುಲಿನ್, ಚೀಟಿ ಎಲ್ಲ ನಾನೇ ಜೋಡಿಸಿದ್ದೆ. ಸೀರೆ ಮಡಿಕೆಯನ್ನೂ ನೋಡಿದ್ದೆ (ಕರಿಬೇವು ಇತ್ತು ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜ). ವ್ಯಾನಿಟಿ ಬ್ಯಾಗ್ ಮಾತ್ರ ನೋಡಿರಲಿಲ್ಲ. ಅದರಲ್ಲಿ 200 ಎಂಎಲ್ ಬಾಟಲಿಯಲ್ಲಿ ಅರ್ಧ ಉಳಿದ ಭೃಂಗರಾಜದ ಎಣ್ಣೆ ಇತ್ತಂತೆ, ಮನೆಯಲ್ಲೇ ಕಾಸಿದ್ದು. ಬೆಂಗಳೂರಲ್ಲೇ ಹಿಡಿದರು. ಎಸೆಯಿರಿ ಎಂದಾಗ ಅಮ್ಮ ಒಂದು ನಿಮಿಷ ತಡೆಯಿರಿ ಅಂತ ಅಂಗೈಗೆ ಸುರಿದುಕೊಂಡು, ವೀಲ್‌ಚೇರಿನಲ್ಲೇ ಕೂತು ನೆತ್ತಿಗೆ ತಟ್ಟಿಕೊಂಡರಂತೆ. ಖಾಲಿಯಾಗುವ ತನಕ. ಕುರ್ಚಿ ತಳ್ಳುತ್ತಿದ್ದ ಹುಡುಗ ಆಚೆ ತಿರುಗಿ ನಗುತ್ತಿದ್ದನಂತೆ.

ಫೋನಿನಲ್ಲಿ ನಾನು ಬೈದೆ. "ಬಾಟಲಿ ಬರಬಾರದು ಅಂದ್ರಪ್ಪ, ತಲೆ ಬರಬಾರದು ಅಂತ ಯಾರೂ ಅನ್ನಲಿಲ್ಲ" ಎಂದರು.

ಜೋನಿಬೆಲ್ಲ ಒಂದು ಹನಿ ಸೋರಿಲ್ಲ. ಅಪ್ಪೆಮಿಡಿ ಒಂದು ಬಾಟಲಿ ಸೋರಿದೆ, ರಸ ಬಸಿದಿರಲಿಲ್ಲವಲ್ಲ. ಮಗುವಿಗೆ ಹಾಸಲೆಂದು ಒಯ್ದಿದ್ದ ಅಪ್ಪನ ಎರಡು ಹಳೇ ಪಂಚೆಗೆ ಹತ್ತಿದೆ. ಮೂರು ಸಲ ಮಶೀನಿಗೆ ಹಾಕಿದರೂ ಇಂಗಿನ ವಾಸನೆ ಹೋಗಿಲ್ಲವಂತೆ.