ಪದ ಬೇಕು: ‘ಬ್ರೇಕ್‌ವಾಟರ್’ (ತುರ್ತು, ನಾಳೆ ಬೋರ್ಡು ಅಚ್ಚಿಗೆ)

ಸು. ಹೆ.:
ಎಲ್ಲರಿಗೂ ನಮಸ್ಕಾರ. ಉಳ್ಳಾಲದ ಕಡಲ ದಂಡೆ ಹೇಗೆ ಬದಲಾಯಿತು ಅಂತ ತಿಳಿಸುವ ಬೋರ್ಡೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಶಾಲೆ ಮಕ್ಕಳು. ಬ್ರೇಕ್‌ವಾಟರಿಗೆ (ಅಲೆ ತಡೆಯಲು ಕಡಲೊಳಕ್ಕೆ ಚಾಚಿ ಕಟ್ಟುವ ಕಲ್ಲಿನ ಒಡ್ಡಿಗೆ) ಪತ್ರಿಕೆಗಳು ‘ತಡೆಗೋಡೆ’ ಅನ್ನುತ್ತವೆ. ಮನೆಗಳ ಮುಂದೆ ದಂಡೆಯುದ್ದಕ್ಕೂ ಸುರಿದ ಕಲ್ಲಿಗೂ ‘ತಡೆಗೋಡೆ’ ಅಂತಲೇ ಬರೆಯುತ್ತವೆ. ಹಾಗಾಗಿ ನನ್ನ ಕರಡಿನಲ್ಲಿ ‘ತಡೆಗೋಡೆಯಿಂದ ಕಡಲ್ಕೊರೆತ ಜಾಸ್ತಿಯಾಯಿತು, ಅದಕ್ಕೆ ತಡೆಗೋಡೆ ಕಟ್ಟಿದರು’ ಅಂತ ಬಂದಿದೆ. ಓದಿದವರು ನಗ್ತಾರೆ ಅಲ್ವಾ? ‘ಲಾಂಗ್‌ಶೋರ್ ಡ್ರಿಫ್ಟ್’ಗೂ (ದಂಡೆಯುದ್ದಕ್ಕೂ ಮರಳು ಸಾಗುವುದಕ್ಕೆ) ಏನಾದರೂ ಪದ ಇದ್ದರೆ ಹೇಳಿ.

ರಾ. ಭ.:
ಅಲೆಯೊಡ್ಡು. ಅಲೆ, ಒಡ್ಡು ಎರಡೂ ಅಚ್ಚಗನ್ನಡ. ಬೋರ್ಡಿನಲ್ಲಿ ‘ಬಂದರು’ ಇದ್ದರೆ ಅದನ್ನೂ ತೆಗೆಯಿರಿ. ಅದು ಪಾರಸಿ. ‘ರೇವು’ ಇರುವಾಗ ಸಾಲ ಯಾಕೆ?

ವಿ. ಶೆ.:
ಭಟ್ರೇ, ಮಂಗಳೂರಿನಲ್ಲಿ ಬಂದರು ಅಂತ ಒಂದು ಪೇಟೆಯೇ ಇದೆ. ‘ರೇವಿಗೆ ಬಿಡಿ’ ಅಂದರೆ ರಿಕ್ಷಾದವನು ಮುಖ ನೋಡುತ್ತಾನೆ. ದೋಣಿ ನಿಲ್ಲುವ ‘ದಕ್ಕೆ’ಯೂ ಹೊರಗಿನದೇ, ಮುಂಬೈಯ ಭಾವುಚಾ ಧಕ್ಕಾದ ನೆಂಟ. ಅಲ್ಲಿ ಇಳಿಸಿದ ಮೀನು ತಿನ್ನೋದು ಬಿಟ್ಟಿದ್ದೀರಾ?

ಹೆಗಡೆಯವರೇ, ನಿಮ್ಮ ಗೊಂದಲ ಸುಮ್ನೆ ಅಲ್ಲ. ನೇತ್ರಾವತಿ, ಫಲ್ಗುಣಿ ಕೂಡಿ ಕಡಲು ಸೇರುವ ಅಳಿವೆಯಲ್ಲಿ ದೋಣಿಗೆ ದಾರಿ ಉಳಿಯಲಿ ಅಂತ ಬೆಂಗ್ರೆ ಕಡೆಯಿಂದೊಂದು, ಉಳ್ಳಾಲದ ಕಡೆಯಿಂದೊಂದು ಕಲ್ಲಿನ ಒಡ್ಡು ಕಟ್ಟಿದರು. ಅದು ಕಡಲೊಳಕ್ಕೆ ಚಾಚಿಕೊಂಡಿದೆ. ಮನೆ ಮುಂದಿನದು ದಂಡೆಗೆ ಒರಗಿ ಬಿದ್ದಿದೆ. ಅದಕ್ಕೆ ನಮ್ಮವರು ಗೋಡೆ ಅನ್ನುವುದೇ ಇಲ್ಲ, ‘ಕಲ್ಲು ಹಾಕಿದ್ದಾರೆ’ ಅನ್ನುತ್ತಾರೆ. ಮೊದಲನೆಯದಕ್ಕೆ ಮೀನುಗಾರರು ಹೇಳೋದು ಬ್ರೇಕ್‌ವಾಟರ್ ಅಂತಲೇ.

ಜ. ಕಿ.:
ಕಾಸರಗೋಡಿನ ಕಡೆ ಬಂದು ಕೇಳಿ. ಮಲಯಾಳದಲ್ಲಿ ‘ಪುಲಿಮುಟ್ಟ್’. ಪಕಾರ ಹಕಾರವಾದರೆ ನಮಗೆ ‘ಹುಲಿಮುಟ್ಟು’. ಅಲೆ ಹುಲಿಯ ಹಾಗೆ ಎರಗುತ್ತದೆ, ಅದಕ್ಕೊಂದು ಅಡ್ಡ. ಪಕ್ಕದ ಮನೆಯಲ್ಲೇ ಇರುವ ದ್ರಾವಿಡ ಪದ ಬಿಟ್ಟು ಹೊಸದನ್ನು ಯಾಕೆ ಹೊಸೆಯುತ್ತೀರಿ?

ರಾ. ಭ.:
ಹುಲಿಯ ಕಥೆಗೆ ಆಧಾರ ಇಲ್ಲ. ಮುಂದೆ.

ವಿ. ಶೆ.:
ಊರ ನಡುವೆ ‘ಮುಟ್ಟು’ ಅಂತ ಬೋರ್ಡು ಹಾಕಿ ನೋಡಿ ಸ್ವಾಮಿ. ಮರುದಿನ ಬೋರ್ಡು ಇರುವುದಿಲ್ಲ.

ಕ. ನಾ.:
ಪದ ಆಮೇಲೆ, ವಿಷಯ ಮೊದಲು ಸರಿ ಇರಲಿ. ನಾನಿರುವುದು ಚೆನ್ನೈಯಲ್ಲಿ. ಇಲ್ಲಿ ಬಂದರಿನ ಒಡ್ಡು ಕಟ್ಟಲು 1876ರಲ್ಲಿ ಶುರು ಮಾಡಿದರು. ಈ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕಕ್ಕೆ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಒಡ್ಡಿನ ದಕ್ಷಿಣಕ್ಕೆ ಮರಳು ಸಿಕ್ಕಿಬಿದ್ದು ಮರೀನಾ ಅಗಲವಾಯಿತು. ಉತ್ತರದ ರಾಯಪುರಂಗೆ ಮರಳು ತಲುಪದೆ ದಂಡೆ ಸವೆಯಿತು. ಅಲೆ ಓರೆಯಾಗಿ ಬಂದು ಮರಳನ್ನು ಮೇಲಕ್ಕೆ ತಳ್ಳುತ್ತದೆ, ನೀರು ನೇರ ಕೆಳಗೆ ಜಾರುತ್ತದೆ. ಮರಳು ಹೀಗೆ ಅಂಕುಡೊಂಕಾಗಿ ಮುಂದೆ ಹೋಗುತ್ತಲೇ ಇರುತ್ತದೆ. ಡ್ರಿಫ್ಟ್ ಅಂದರೆ ಇಷ್ಟೇ.

ನಿಮ್ಮ ಪಡುಗಡಲಿನ ಲೆಕ್ಕ ಇಷ್ಟು ಸಲೀಸಲ್ಲ. ಮಳೆಗಾಲದ ಅಲೆ ದಂಡೆಯ ಮರಳನ್ನು ಒಳಗೆಳೆದು ನೀರಿನಡಿ ದಿಬ್ಬ ಮಾಡುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ನಿಧಾನಕ್ಕೆ ವಾಪಸ್ ತರುತ್ತವೆ. ಜೂನಿನಲ್ಲಿ ಫೋಟೊ ತೆಗೆದು ‘ಕೊರೆತ’ ಅನ್ನುವವರು ಜನವರಿಯಲ್ಲಿ ಬಂದು ನೋಡುವುದಿಲ್ಲ. ಹೋದ ಮರಳು ಪೂರ್ತಿ ವಾಪಸ್ ಬರದಿದ್ದರೆ ಮಾತ್ರ ಅದನ್ನು ಕೊರೆತ ಅನ್ನಿ. ಎಲ್ಲವನ್ನೂ ಒಡ್ಡಿನ ತಲೆಗೆ ಕಟ್ಟಬೇಡಿ.

ವಿ. ಶೆ.:
ಜೂನಿನಲ್ಲಿ ಬುಡ ಕಿತ್ತು ಬಿದ್ದ ತೆಂಗು ಜನವರಿಗೆ ಏಳುವುದಿಲ್ಲ ಸಾರ್. ಮನೆಯೂ ಅಷ್ಟೇ.

ರಾ. ಭ.:
ಡ್ರಿಫ್ಟ್‌ಗೆ ‘ಮರಳ್ನಡೆ’. ಮರಳ್ + ನಡೆ, ಕಡಲ್ಕೊರೆತದ ಹಾಗೆಯೇ.

ಜ. ಕಿ.:
‘ಮರಳಿ ನಡೆ’ ಅಂತ ಓದಿಕೊಂಡು ಮಕ್ಕಳು ಮನೆಗೆ ಹೋಗುತ್ತಾರೆ. ಕರಾವಳಿಯ ಬೋರ್ಡು ತಾನೇ, ‘ಹೊಯಿಗೆ’ ಯಾಕಾಗಬಾರದು?

ಕ. ನಾ.:
ಬಯಲುಸೀಮೆಯಿಂದ ಪ್ರವಾಸ ಬರುವ ಮಕ್ಕಳಿಗೆ ಹೊಯಿಗೆ ಅಂದರೆ ಗೊತ್ತಾಗುವುದಿಲ್ಲ. ಹಾವೇರಿಯವರು ಉಸುಕು ಅನ್ನುತ್ತಾರೆ. ಮರಳು ಸಾಕು.

ಸು. ಹೆ.:
ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿಗೆ ಹೀಗೆ ಹಾಕುತ್ತಿದ್ದೇನೆ: ‘ಅಳಿವೆಯಲ್ಲಿ ದೋಣಿಗಳ ದಾರಿ ಉಳಿಯಲೆಂದು ಎರಡು ಅಲೆಯೊಡ್ಡು, ಅಂದರೆ ಬ್ರೇಕ್‌ವಾಟರ್, ಕಟ್ಟಿದರು. ದಂಡೆಯುದ್ದಕ್ಕೂ ಸಾಗುವ ಮರಳಿಗೆ ಅವು ಅಡ್ಡವಾದವು. ಮಳೆಗಾಲದಲ್ಲಿ ಹೋದ ಮರಳು ಪೂರ್ತಿ ವಾಪಸ್ ಬರಲಿಲ್ಲ. ಮನೆ ಉಳಿಸಲು ದಂಡೆಗೆ ಕಲ್ಲು ಹಾಕಿದರು. ಆಮೇಲೆ ಕಡಲೊಳಗೆ ರೀಫ್, ಅಂದರೆ ನೀರಿನಡಿ ಮುಳುಗಿರುವ ಒಡ್ಡು, ಕಟ್ಟಿದರು.’

‘ತಡೆಗೋಡೆ’ ಎಲ್ಲೂ ಇಲ್ಲ. ಡ್ರಿಫ್ಟ್‌ಗೆ ಹೆಸರೇ ಬೇಕಾಗಲಿಲ್ಲ, ಕ್ರಿಯಾಪದ ಸಾಕಾಯಿತು. ತಲೆಬರಹದಲ್ಲಿ ‘ಬಂದರು’ ಹಾಗೇ ಇದೆ, ಭಟ್ರು ಬೇಜಾರು ಮಾಡ್ಕೋಬಾರದು.

ರಾ. ಭ.:
ಬಂದರು ಹೋಗಲಿ. ರೀಫ್ ಯಾಕೆ? ‘ಮುಳುಗೊಡ್ಡು’ ಅನ್ನಿ.