‘ಅಪಥಿ’ಗೆ ಏನನ್ನೋಣ? ‘ಉಮೇದು’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಲಕ್ವಾ ಹೊಡೆದವರ ಮನೆಯವರಿಗಾಗಿ ಧಾರವಾಡದಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಓದುವವರು ನವಲಗುಂದ, ರೋಣ, ಹಾನಗಲ್ಲ ಕಡೆಯವರು. ವೈದ್ಯರು ‘ಅಪಥಿ’ (apathy) ಅನ್ನುತ್ತಾರಲ್ಲ, ಅದಕ್ಕೆ ಸರಿಯಾದ ಪದ ಬೇಕಾಗಿದೆ.

ಅಪಥಿ ಅಂದರೆ ಹೀಗೆ: ಲಕ್ವಾ ಆಗಿ ಕೈಕಾಲು ಸುಧಾರಿಸಿರುತ್ತದೆ, ಮಾತೂ ಬರುತ್ತದೆ. ಆದರೆ ಮನುಷ್ಯ ತಾನಾಗಿ ಏಳುವುದಿಲ್ಲ. ‘ಏಳ್ರಿ, ಜಳಕಾ ಮಾಡ್ರಿ’ ಅಂದರೆ ಎದ್ದು ಮಾಡುತ್ತಾರೆ. ಹೇಳದಿದ್ದರೆ ಸಂಜೆವರೆಗೂ ಸುಮ್ನೆ ಕೂತಿರುತ್ತಾರೆ. ಹಣೆಯ ಹಿಂದಿನ ಮೆದುಳಿನ ಭಾಗ ಮತ್ತು ಒಳಗಿನ ಬೇಸಲ್ ಗ್ಯಾಂಗ್ಲಿಯಾ ಕೂಡಿಯೇ ಯಾವ ಕೆಲಸವನ್ನಾದರೂ ಶುರು ಮಾಡಿಸುತ್ತವೆ. ಅವೆರಡರ ನಡುವಿನ ಹಾದಿಗೆ ಪೆಟ್ಟು ಬಿದ್ದರೆ ಮಾಡುವ ಶಕ್ತಿ ಇದ್ದರೂ ಕೆಲಸ ಶುರುವಾಗುವುದಿಲ್ಲ. ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮನೆಯವರು ಮಾತ್ರ ‘ಮೈಗಳ್ಳ ಆಗ್ಯಾನ’ ಅಂದುಬಿಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

‘ನಿರಾಸಕ್ತಿ’ ಅಂದರೆ ಬೇಕಂತಲೇ ಒಲ್ಲೆ ಅಂದ ಹಾಗೆ. ‘ಜಡತೆ’ ಇಲ್ಲಿಯವರ ಕಿವಿಗೆ ‘ಜಡ್ಡು’ ಆಗಿ ಕೇಳಿಸುತ್ತದೆ, ಅಂದರೆ ಯಾವುದೇ ಕಾಯಿಲೆ. ‘ಮಂಕು’ ಬುದ್ಧಿಯ ಮೇಲೆ ಹೋಗುತ್ತದೆ.

ಜಾಸ್ತಿ ತೊಂದರೆ ‘ಉದಾಸೀನ’ದ್ದು. ನಮ್ಮ ಕಡೆ ‘ಉದಾಸ ಆಗ್ಯಾನ’ ಅಂದರೆ ಮನಸ್ಸಿಗೆ ಬೇಜಾರಾಗಿದೆ ಅಂತ. ಅದು ಖಿನ್ನತೆಯ ಹತ್ತಿರದ ಮಾತು. ಅಪಥಿ ಖಿನ್ನತೆಯಲ್ಲ ಅಂತ 1990ರ ದಶಕದ ಆರಂಭದಲ್ಲೇ ಮನೋವೈದ್ಯ ರಾಬರ್ಟ್ ಮರಿನ್ ವಾದಿಸಿದ್ದರು. ಖಿನ್ನತೆಯಲ್ಲಿ ದುಃಖ ಇರುತ್ತದೆ, ತನ್ನದೇ ತಪ್ಪು ಅನ್ನುವ ಕೊರಗು ಇರುತ್ತದೆ. ಬರೀ ಅಪಥಿ ಇದ್ದವರಿಗೆ ಇವು ಇರುವುದಿಲ್ಲ, ಎಷ್ಟೋ ಸಲ ತಮಗೇನೋ ಆಗಿದೆ ಅಂತಲೂ ಅನ್ನಿಸುವುದಿಲ್ಲ. ಎರಡೂ ಒಟ್ಟಿಗೆ ಬರಬಹುದು, ನಿಜ. ಆದರೆ ಪದವೇ ಎರಡನ್ನೂ ಕಲಸಬಾರದು ಅಲ್ವಾ?

ನನ್ನ ಒಲವು ‘ಉಮೇದು’ (ಹುರುಪು) ಕಡೆಗೆ. ‘ಯಾಕೋ ಉಮೇದನ ಇಲ್ಲ’ ಅಂತ ಹುಬ್ಬಳ್ಳಿ-ಧಾರವಾಡದಲ್ಲಿ ದಿನವೂ ಅನ್ನುತ್ತೇವೆ. ಅದರಲ್ಲಿ ಬೈಗುಳ ಇಲ್ಲ. ಎದೆಗುಂದು, ಕಳೆಗುಂದು ಇದ್ದ ಹಾಗೆ ‘ಉಮೇದುಗುಂದು’ ಅನ್ನಬಹುದೇ? ‘ಉಮೇದುಗೇಡು’ ಬೇಡ. ನಾಚಿಕೆಗೇಡು, ಮರ್ಯಾದೆಗೇಡುಗಳ ಸಾಲಿಗೆ ಸೇರಿ ಅದೂ ದೂರು ಆಗುತ್ತದೆ.

ಮೈಸೂರು, ಮಂಗಳೂರು ಕಡೆಯವರಿಗೆ ‘ಉಮೇದುವಾರ’ ಗೊತ್ತು, ಆದರೆ ಬರೀ ‘ಉಮೇದು’ ಈ ಅರ್ಥದಲ್ಲಿ ತಿಳಿಯುತ್ತದೆಯೇ? ಗದಗ, ಹಾವೇರಿಯ ಹಳ್ಳಿಗಳಲ್ಲಿ ಹೇಳದ ಹೊರತು ಏಳದವರಿಗೆ ಬೇರೆ ಮಾತು ಇದ್ದರೆ, ಅದನ್ನು ಆಡುವ ಪೂರ್ತಿ ವಾಕ್ಯದ ಸಮೇತ ದಯವಿಟ್ಟು ಬರೆಯಿರಿ.